ಹಂಗೇರಿಯಲ್ಲಿ ಬಾಲಸಂಗೀತ ಶಿಕ್ಷಣ

ಎಳೆಯ ಮಕ್ಕಳಿಗೆ ಸಂಗೀತವನ್ನು ವಾದ್ಯದಿಂದ ಕಲಿಸಬೇಕೆ, ಕಂಠದಿಂದ ಕಲಿಸಬೇಕೆ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದಲ್ಲಿ ವ್ಯವಸ್ಥಿತವಾದ ಉತ್ತರವನ್ನು ಕೊಟ್ಟ ದೇಶಗಳಲ್ಲಿ ಹಂಗೇರಿಯೂ ಒಂದು. ಆ ಉತ್ತರಕ್ಕೆ ಮೂಲಪುರುಷನಾದವನು ಝೋಲ್ಟಾನ್ ಕೊಡಾಯ್ (1882–1967). ಅವನ ಹೆಸರಿನಿಂದ ಪ್ರಸಿದ್ಧವಾದ ಪದ್ಧತಿಯ ಚರಿತ್ರೆಯನ್ನು ಪರಿಶೀಲಿಸಿದಾಗ ಒಂದು ಸಂಗತಿ ಎದ್ದುಕಾಣುತ್ತದೆ: ಅದರ ಸಾಧನಗಳಲ್ಲಿ ಹೆಚ್ಚಿನವು ಎರವಲು, ಹಾಡು ಮಾತ್ರ ಸ್ವಂತದ್ದು.

ಕೊಡಾಯ್ ತರುಣನಾಗಿದ್ದಾಗ ಬುಡಾಪೆಸ್ಟಿನ ಸುಶಿಕ್ಷಿತರ ಸಂಗೀತಾಭಿರುಚಿ ಬಹುಮಟ್ಟಿಗೆ ಜರ್ಮನ್ ಮಾದರಿಯದಾಗಿದ್ದಿತು. ಹಳ್ಳಿಯ ಹಾಡು ಅವರ ಕಿವಿಗೆ ಬಿದ್ದಿರಲಿಲ್ಲ. 1905ರಲ್ಲಿ ಅವನು ಜಾನಪದ ಗೀತೆಗಳನ್ನು ಸಂಗ್ರಹಿಸತೊಡಗಿದನು. ಮರುವರ್ಷವೇ ಬೇಲಾ ಬಾರ್ಟೋಕ್‌ನೊಡನೆ ಒಂದು ಸಂಕಲನವನ್ನು ಪ್ರಕಟಿಸಿದನು. ನಗರದವರು ದೇಶೀಯವೆಂದು ನಂಬಿದ್ದ ಹಾಡುಗಳು ಈಚಿನ ಜನಪ್ರಿಯ ರಚನೆಗಳೆಂದೂ, ಪ್ರಾಚೀನ ಪರಂಪರೆ ಐದು ಸ್ವರಗಳ ಗ್ರಾಮಗೀತೆಗಳಲ್ಲಿ ಉಳಿದಿದೆಯೆಂದೂ ಈ ಶೋಧನೆಯಿಂದ ಸ್ಪಷ್ಟವಾಯಿತು.

ಈ ಸಂಪತ್ತು ಗ್ರಂಥದಲ್ಲಿ ಮಾತ್ರ ಉಳಿದರೆ ಸಾಲದೆಂಬ ಅರಿವು ಅವನನ್ನು ಶಾಲೆಯ ಕಡೆಗೆ ತಿರುಗಿಸಿತು. 1925ರಲ್ಲಿ ಮಕ್ಕಳ ಗಾಯನವೃಂದಕ್ಕಾಗಿ ಗೀತೆಗಳನ್ನು ರಚಿಸಿದನು. 1929ರ ಲೇಖನವೊಂದರಲ್ಲಿ ಶಾಲೆಗಳ ಕೀಳು ಅಭಿರುಚಿಯನ್ನು ಖಂಡಿಸಿದನು. 1941ರಲ್ಲಿ ಶಿಶುವಿಹಾರದ ಸಂಗೀತವನ್ನು ಕುರಿತು ಬರೆಯುತ್ತ, ಮೂರರಿಂದ ಏಳರವರೆಗಿನ ವಯಸ್ಸೇ ನಿರ್ಣಾಯಕವೆಂದು ವಾದಿಸಿದನು.

ಪದ್ಧತಿಯ ಅಂಗಗಳು ಹಲವು ಕಡೆಗಳಿಂದ ಬಂದವು. ಸ್ವರಸ್ಥಾನವನ್ನು ಕೈಯಿಂದ ತೋರಿಸುವ ಮುದ್ರೆಗಳು ಇಂಗ್ಲೆಂಡಿನ ಜಾನ್ ಕರ್ವೆನ್‌ನವು. ಲಯದ ಉಚ್ಚಾರಗಳು ಫ್ರಾನ್ಸಿನ ಶೆವೆಯ ಪದ್ಧತಿಯವು. ‘ದೊ’ ಎಂಬುದು ಕರ್ನಾಟಕ ಸಂಗೀತದ ಆಧಾರ ಷಡ್ಜದಂತೆ ಹಾಡುವವರ ಶ್ರುತಿಗೆ ಹೊಂದಿ ಬದಲಾಗುವುದು. ಇದೂ ಇಂಗ್ಲೆಂಡಿನಿಂದ ಬಂದುದೇ. ಇವನ್ನೆಲ್ಲ ತರಗತಿಗೆ ಅಳವಡಿಸುವ ಕಾರ್ಯದಲ್ಲಿ ಯೆನೋ ಆದಾಮ್‌ನ 1944ರ ಬೋಧನಗ್ರಂಥ ಮುಖ್ಯವಾದುದು.

ಆದರೆ ಮಗುವಿನ ಬಾಯಿಗೆ ಮೊದಲು ಬರುತ್ತಿದ್ದುದು ಆಟದ ಹಾಡು. ಕೈ ಹಿಡಿದು ವೃತ್ತವಾಗಿ ಸುತ್ತುವುದು, ತಾಳಕ್ಕೆ ಹೆಜ್ಜೆಯಿಡುವುದು, ಪದದ ನಡೆಗೆ ಚಪ್ಪಾಳೆ ತಟ್ಟುವುದು — ಇವೇ ಪಾಠ. ಎರಡು ಮೂರು ಸ್ವರಗಳ ಹಾಡಿನಿಂದ ತೊಡಗಿ ಐದು ಸ್ವರಗಳಿಗೆ ಏರುವುದು ಕ್ರಮ. ಮೋಹನ ರಾಗವನ್ನು ನೆನೆದರೆ ಆ ಐದರ ಸ್ವರೂಪ ತಿಳಿದೀತು. ಎಳೆಯ ಕಂಠಕ್ಕೆ ಅರ್ಧಸ್ವರದ ಅಂತರ ಕಠಿನವೆಂಬುದು ಇದರ ಕಾರಣ. ಪುರಂದರದಾಸರದೆಂದು ಪರಂಪರೆ ಹೇಳುವ ಕ್ರಮದಲ್ಲಿ ಮಾಯಾಮಾಳವಗೌಳದ ಸರಳೆ ಮೊದಲು, ಗೀತೆ ಅನಂತರ. ಹಂಗೇರಿಯಲ್ಲಿ ಹಾಡು ಮೊದಲು, ಸ್ವರನಾಮ ಅನಂತರ. 1951ರಲ್ಲಿ ಹೊರಬಂದ ಹಂಗೇರಿಯ ಜಾನಪದ ಸಂಗೀತಕೋಶದ ಪ್ರಥಮ ಸಂಪುಟ ಮಕ್ಕಳ ಆಟಗಳಿಗೇ ಮೀಸಲಾಗಿತ್ತೆಂಬುದು ಗಮನಾರ್ಹ.

ಕೊಡಾಯ್‌ನ ಹುಟ್ಟೂರಾದ ಕೆಚ್ಕೆಮೇಟ್‌ನಲ್ಲಿ 1950ರಲ್ಲಿ ಮಾರ್ತಾ ನೆಮೆಸ್ಸೆಗಿಯವರ ನೇತೃತ್ವದಲ್ಲಿ ನಿತ್ಯಗಾಯನದ ಪ್ರಾಥಮಿಕ ಶಾಲೆ ಆರಂಭವಾಯಿತು. 1964ರಲ್ಲಿ ಬುಡಾಪೆಸ್ಟಿನಲ್ಲಿ ನಡೆದ ಅಂತರರಾಷ್ಟ್ರೀಯ ಸಂಗೀತಶಿಕ್ಷಣ ಸಮ್ಮೇಳನದಿಂದ ಪದ್ಧತಿಯ ಕೀರ್ತಿ ಹಬ್ಬಿತು. 2016ರಲ್ಲಿ ಯುನೆಸ್ಕೋ ಅದನ್ನು ಪರಂಪರಾರಕ್ಷಣೆಯ ಉತ್ತಮ ಮಾದರಿಗಳ ಪಟ್ಟಿಗೆ ಸೇರಿಸಿತು.

ಅಮೆರಿಕದ ಅಧ್ಯಾಪಕರು ಇದನ್ನು ಕೈಗೊಂಡಾಗ ಹಂಗೇರಿಯ ಹಾಡುಗಳಿಂದಲೇ ತೃಪ್ತರಾಗಲಿಲ್ಲ. ತಮ್ಮ ನಾಡಿನ ಆಟದ ಹಾಡುಗಳನ್ನು ಹುಡುಕಿಕೊಂಡರು. ಪದ್ಧತಿಯ ತಿರುಳು ಇದೇ. ಮುದ್ರೆಯನ್ನೂ ಲಿಪಿಯನ್ನೂ ಯಾವ ದೇಶದಿಂದ ತಂದರೂ ಕೊರತೆಯಿಲ್ಲ. ಹುಟ್ಟೂರಿನಿಂದ ದೂರವಾಗಿ ಮಹಾನಗರಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿಯೂ ಮನೆಮಾತಿನ ಹಾಡನ್ನು ಮಗುವಿಗೆ ಶಾಲೆ ಕೊಡದಿದ್ದರೆ ಮನೆಯೇ ಕೊಡಬೇಕಾಗುತ್ತದೆ.