ಭೀಮೆಯ ಎರೆಮಣ್ಣು ಮತ್ತು ನಿಧಿಯ ಯಂತ್ರ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ನಿಧಿಯ ಮಾತು ಕೇಳದ ಕಿವಿ ಇರಲಾರದು. ಕಿಣ್ಣಿ ಸುಲ್ತಾನದ ಎರೆ ಹೊಲಗಳಿಂದ ಹಿಡಿದು ಭೀಮೆಯ ದಂಡೆಯ ಹಾಳೂರುಗಳವರೆಗೆ ಎಲ್ಲೋ ಒಂದು ದಿಬ್ಬದ ಕೆಳಗೆ ಕೊಪ್ಪರಿಗೆ ಇದೆ, ಅದನ್ನು ಹಾವು ಕಾಯುತ್ತಿದೆ ಎಂಬ ಮಾತು ತಲೆಮಾರುಗಳಿಂದ ಬಂದಿದೆ. ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಳಂದೆ ಸಾಸಿರವೆಂಬ ಆಡಳಿತ ವಿಭಾಗವಾಗಿದ್ದ ಸೀಮೆ ಇದು. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇದೇ ಜಿಲ್ಲೆಯಲ್ಲಿದೆ. 972ರಲ್ಲಿ ಪರಮಾರರ ಸೀಯಕ ಅದನ್ನು ಕೊಳ್ಳೆ ಹೊಡೆದ. ಆಮೇಲೆ ಬಹಮನಿಗಳು, ಆದಿಲಶಾಹಿಗಳು, ಮೊಗಲರು, ಮರಾಠರು, ನಿಜಾಮರು. ದಂಡು ಹಾದುಹೋಗುವ ನಾಡಿನಲ್ಲಿ, ಬ್ಯಾಂಕಿಲ್ಲದ ಕಾಲದಲ್ಲಿ, ಉಳ್ಳವರು ಬೆಳ್ಳಿ ಬಂಗಾರವನ್ನು ಗೋಡೆಯೊಳಗೋ ಒಲೆಯ ಬುಡದಲ್ಲೋ ಮುಚ್ಚಿಡುವುದು ತೀರ ಸಹಜವಾಗಿತ್ತು. ಜೋಳವನ್ನೇ ನೆಲದೊಳಗಿನ ಹಗೇವಿನಲ್ಲಿ ಕಾಪಾಡಿಕೊಂಡು ಬಂದ ಜನ, ಒಡವೆಯನ್ನೂ ನೆಲಕ್ಕೇ ಒಪ್ಪಿಸಿದರು. ದೇವಾಲಯ ಕಟ್ಟುವಾಗ ತಳಪಾಯದಲ್ಲಿ ಲೋಹ, ರತ್ನ, ಧಾನ್ಯಗಳ ಗರ್ಭಪಾತ್ರೆ ಇಡುವ ಶಾಸ್ತ್ರವೂ ಇತ್ತು. ಹಾಗಾಗಿ ನೆಲದಲ್ಲಿ ಏನೋ ಇದೆ ಎನ್ನುವವರ ಮಾತು ಸುಳ್ಳಲ್ಲ. ಇರುವುದು ಏನು, ಅದರ ಬೆಲೆ ಯಾವುದರಲ್ಲಿದೆ ಎಂಬ ಲೆಕ್ಕದಲ್ಲಿ ಅವರು ತಪ್ಪಿದ್ದಾರೆ. ಆ ತಪ್ಪು ಲೆಕ್ಕವನ್ನು ಇನ್ನಷ್ಟು ಗಟ್ಟಿಮಾಡಲು ಈಗ ಮೆಟಲ್ ಡಿಟೆಕ್ಟರ್ ಬಂದಿದೆ.

ಮೊದಲು ಈ ಕೆಲಸಕ್ಕೆ ಅಂಜನ ಹಾಕುವವರಿದ್ದರು. ವೀಳ್ಯದೆಲೆಗೋ ಅಂಗೈಗೋ ಕಪ್ಪು ಹಚ್ಚಿ, ಅದರಲ್ಲಿ ನಿಧಿಯ ಜಾಗ ಕಾಣುತ್ತದೆ ಎಂದು ನಂಬಿಸಿ, ಅಮಾವಾಸ್ಯೆಯ ರಾತ್ರಿ ಪೂಜೆ ಮಾಡಿಸಿ ಅಗೆಸುತ್ತಿದ್ದರು. ಕರ್ನಾಟಕದ ಉದ್ದಗಲಕ್ಕೂ ಕಿತ್ತು ಬಿದ್ದ ಲಿಂಗಗಳು, ಹೊಟ್ಟೆ ಸೀಳಿದ ನಂದಿಗಳು, ಎರಡು ತುಂಡಾದ ಶಾಸನದ ಕಲ್ಲುಗಳು ಈ ದಂಧೆಯ ಕುರುಹು. ಕಲ್ಲಿನ ಮೇಲೆ ಅಕ್ಷರವಿದ್ದರೆ ಅದು ನಿಧಿಯ ಗುರುತೇ ಇರಬೇಕೆಂಬ ನಂಬಿಕೆಗೆ ಎಷ್ಟು ಶಾಸನಗಳು ಬಲಿಯಾದವೋ ಲೆಕ್ಕ ಇಟ್ಟವರಿಲ್ಲ. ಒಂದು ದಾನಶಾಸನ ಒಡೆದರೆ ಒಂದು ಕೆರೆಯ, ಒಂದು ಮಠದ, ಒಂದು ಊರಿನ ಹೆಸರೇ ಅಳಿಸಿಹೋಗುತ್ತದೆ. ಡಿಟೆಕ್ಟರ್ ಬಂದ ಮೇಲೆ ಅಂಜನದವರ ಅಂಗಡಿ ಮುಚ್ಚಿತೆಂದು ತಿಳಿಯಬೇಕಿಲ್ಲ. ಪೂಜೆಯ ಪಕ್ಕದಲ್ಲೇ ಯಂತ್ರವೂ ಕೂತಿತು. ಹಳೆಯ ಆಸೆಗೆ ವಿಜ್ಞಾನದ ಮುದ್ರೆ ಬಿತ್ತು.

ಈ ಯಂತ್ರ ಹುಟ್ಟಿದ್ದು ನಿಧಿಗಾಗಿಯಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿ ಸಿಕ್ಕಿಕೊಂಡ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ವಿದ್ಯುತ್ ಸುರುಳಿಯ ಒಂದು ಸಾಧನ ತಯಾರಿಸಿದರು. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ಅಡ್ಡಬಂದು ಗುಂಡು ಪತ್ತೆಯಾಗಲಿಲ್ಲ. 1930ರ ದಶಕದಲ್ಲಿ ಗೆರ್ಹಾರ್ಡ್ ಫಿಶರ್ ಕೈಯಲ್ಲಿ ಹಿಡಿದು ಓಡಾಡುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಅಧಿಕಾರಿ ಯೂಸೆಫ್ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬ್ ಶೋಧಕ 1942ರಲ್ಲಿ ಎಲ್ ಅಲಮೈನ್ ಮರುಭೂಮಿಯಲ್ಲಿ ಸೈನಿಕರ ಪ್ರಾಣ ಉಳಿಸಿತು. ಯುದ್ಧ ಮುಗಿದ ಮೇಲೆ ಸೈನ್ಯದ ಹಳೆಯ ಯಂತ್ರಗಳು ಅಗ್ಗಕ್ಕೆ ಸಿಕ್ಕವು. ಅಮೆರಿಕ, ಬ್ರಿಟನ್‌ಗಳಲ್ಲಿ ರಜೆಯ ದಿನ ಹೊಲ, ಕಡಲತೀರ ಸುತ್ತುವ ಹವ್ಯಾಸ ಬೆಳೆಯಿತು. ಜೀವ ಉಳಿಸಲು ಬಂದ ಯಂತ್ರ ಹೀಗೆ ಬಂಗಾರದ ಬೆನ್ನು ಹತ್ತಿತು.

ಅದು ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಿದರೆ ನನ್ನ ವಾದ ಸ್ಪಷ್ಟವಾಗುತ್ತದೆ. ಕೋಲಿನ ತುದಿಯ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಕಳಿಸುತ್ತದೆ; ಕೆಳಗೆ ಲೋಹವಿದ್ದರೆ ಅದರಲ್ಲಿ ಸುಳಿವಿದ್ಯುತ್ತು ಹುಟ್ಟಿ, ಅದರ ಪ್ರತಿಕ್ಷೇತ್ರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಹೋದ ಅಲೆಗೂ ಬಂದ ಅಲೆಗೂ ನಡುವಿನ ವ್ಯತ್ಯಾಸದಿಂದ ಅದು ಕಬ್ಬಿಣವೋ ತಾಮ್ರವೋ ಎಂದು ಯಂತ್ರ ಊಹಿಸುತ್ತದೆ. ಹವ್ಯಾಸಿ ಮೊದಲು ಮಾಡುವ ಕೆಲಸವೆಂದರೆ ಕಬ್ಬಿಣದ ಸದ್ದನ್ನು ಮುಚ್ಚಿಹಾಕುವುದು. ನಮ್ಮ ಹೊಲಗಳಲ್ಲಿ ಎತ್ತಿನ ಲಾಳದ ಮೊಳೆ, ಕುಂಟೆಯ ಕುಡದ ಚೂರು, ಟ್ರ್ಯಾಕ್ಟರಿನ ಬೋಲ್ಟು ಅಷ್ಟು ಬಿದ್ದಿರುತ್ತವೆ, ಮುಚ್ಚದಿದ್ದರೆ ಹೆಜ್ಜೆಗೊಂದು ಸದ್ದು. ಆದರೆ ಬಂಗಾರದ ಸಣ್ಣ ಉಂಗುರಕ್ಕೂ ಅಲ್ಯೂಮಿನಿಯಂ ಹಾಳೆಯ ಚೂರಿಗೂ ಯಂತ್ರ ಕೊಡುವ ಉತ್ತರ ಬಹುಮಟ್ಟಿಗೆ ಒಂದೇ. ಬಂಗಾರ ಬೇಕೆನ್ನುವವನು ಮಾತ್ರೆಯ ಹಾಳೆ, ಗುಟ್ಕಾ ಚೀಟಿ ಎಲ್ಲಕ್ಕೂ ಗುಂಡಿ ತೋಡಲೇಬೇಕು. ಸಾಲದ್ದಕ್ಕೆ ಎರೆಮಣ್ಣು ಅಗ್ನಿಶಿಲೆ ಸವೆದು ಆದದ್ದು. ಅದರಲ್ಲಿ ಕಬ್ಬಿಣದ ಕಾಂತಖನಿಜದ ಕಣಗಳಿವೆ. ಹಸಿಯಾದಾಗ ಈ ಮಣ್ಣೇ ವಿದ್ಯುತ್ತನ್ನು ಒಯ್ಯುತ್ತದೆ, ನೆಲವೇ ಸದ್ದು ಮಾಡುತ್ತದೆ. ಅದಕ್ಕಾಗಿಯೇ ಯಂತ್ರವನ್ನು ತಿದ್ದುವ ಕಸುಬು ಬೆಳೆದಿದೆ: ಮಣ್ಣಿನ ಸದ್ದನ್ನು ಕಳೆಯುವ ಹೊಂದಾಣಿಕೆ, ಆಳಕ್ಕೆ ದೊಡ್ಡ ತಟ್ಟೆ, ಕಸದ ನಡುವೆ ಹುಡುಕಲು ಚಿಕ್ಕ ತಟ್ಟೆ, ಕೈಯಾರೆ ತಂತಿ ಸುತ್ತಿ ಕಟ್ಟುವ ಪಲ್ಸ್ ಮಾದರಿಯ ಸುರುಳಿ. ಪ್ಲಾಸ್ಟಿಕ್ ಬಳೆಯೊಂದಕ್ಕೆ ಇಪ್ಪತ್ತು ಮೂವತ್ತು ಸುತ್ತು ತಂತಿ ಸುತ್ತಿ ಸರ್ಕ್ಯೂಟ್ ಹೊಂದಿಸುವ ಹುಡುಗರ ಜಾಣ್ಮೆ ಮೆಚ್ಚತಕ್ಕದ್ದೇ. ಇಷ್ಟೆಲ್ಲ ಮಾಡಿದರೂ ಸಾಮಾನ್ಯ ಯಂತ್ರ ಒಂದು ನಾಣ್ಯವನ್ನು ಗುರುತಿಸುವುದು ಗೇಣುದ್ದದ ಆಸುಪಾಸಿನಲ್ಲಿ. ಮೈಲಿ ದೂರದ ಬಂಗಾರ ತೋರಿಸುತ್ತೇನೆಂದು ಮಾರುವ ಸಾಧನಗಳು ಶುದ್ಧ ಮೋಸ.

ಈಗ ಈ ನೆಲದಲ್ಲಿ ನಿಜವಾಗಿ ಸಿಕ್ಕದ್ದೇನೆಂದು ನೋಡೋಣ. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು 1841ರಲ್ಲಿ ಬಂದ ಫಿಲಿಪ್ ಮೆಡೋಸ್ ಟೇಲರ್, ಠಕ್ಕರ ಕಾದಂಬರಿಯಿಂದ ಹೆಸರಾದವರು, ಭೀಮೆಯ ದಂಡೆಯ ಫಿರೋಜಾಬಾದಿನ ಹತ್ತಿರ ಜೇವರ್ಗಿಯಲ್ಲಿ ಕಲ್ಲುಗುಂಡುಗಳ ವೃತ್ತಗಳನ್ನು ಕಂಡರು. ಅವು ಕಬ್ಬಿಣಯುಗದ ಜನರ ಸಮಾಧಿಗಳು. ಟೇಲರ್ ಅವನ್ನು ತೆರೆದು, ಒಳಗಿನದನ್ನು ಗಮನಿಸಿ, 1850ರ ಆಸುಪಾಸಿನಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಅಲ್ಲಿದ್ದದ್ದು ಎಲುಬು, ಮಡಕೆ, ತುಕ್ಕು ತಿಂದ ಕಬ್ಬಿಣ. ನಿಧಿಗಳ್ಳನಾಗಿದ್ದರೆ ಒದ್ದು ಹೋಗುತ್ತಿದ್ದ. ಟೇಲರ್ ಈ ಸೀಮೆಯ ಸಮಾಧಿಗಳ ಮಣ್ಣಿನ ಪದರಗಳನ್ನು ಸೀಳುನೋಟದಲ್ಲಿ ಚಿತ್ರಿಸಿ, ಯಾವ ಪದರದಲ್ಲಿ ಯಾವುದಿತ್ತೆಂದು ಗುರುತು ಹಾಕಿದರು. ನೂರು ವರ್ಷದ ನಂತರ ಮಾರ್ಟಿಮರ್ ವೀಲರ್ ಅವರಂಥ ಕಟ್ಟುನಿಟ್ಟಿನ ಪುರಾತತ್ತ್ವಜ್ಞರು ಈ ಚಿತ್ರಗಳನ್ನು ಕೊಂಡಾಡಿದರು. ಯೋಚಿಸಿ: ಇಂದಿನ ಹವ್ಯಾಸಿ ತನ್ನ ಯಂತ್ರದಲ್ಲಿ ಮುಚ್ಚಿಹಾಕುವ ಮೊದಲ ಸದ್ದು ಜೇವರ್ಗಿಯ ಆ ಕಬ್ಬಿಣದ್ದೇ. ಎಲುಬಿಗೂ ಮಡಕೆಗೂ ಅದು ಬಾಯಿ ಬಿಡುವುದೇ ಇಲ್ಲ.

ಇನ್ನೆರಡು ಪ್ರಸಂಗಗಳು ಇದೇ ಮಾತನ್ನು ಹೇಳುತ್ತವೆ. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಬಂಡೆಯೊಂದರ ಮೇಲೆ ಅಕ್ಷರ ಕಂಡರು. ಅಲ್ಲಿಯವರೆಗೆ ಸಿಕ್ಕ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯನೆಂಬಂಥ ಬಿರುದುಗಳಷ್ಟೇ ಇದ್ದವು. ಆ ರಾಜ ಅಶೋಕನೇ ಎಂದು ಹೆಸರಿನ ಸಮೇತ ಹೇಳಿದ ಮೊದಲ ಶಾಸನ ಮಸ್ಕಿಯದು. ಚಿನ್ನ ಅರಸಿ ಹೊರಟವರಿಗೆ ಸಿಕ್ಕ ಆ ಬಂಡೆಗೆ ಸಮನಾದ ಬಂಗಾರ ಯಾವ ಗಣಿಯಲ್ಲೂ ಇಲ್ಲ ಎಂದೇ ನನ್ನ ಎಣಿಕೆ. ಇನ್ನೊಂದು ಜಾಗ ಚಿತ್ತಾಪುರ ತಾಲ್ಲೂಕಿನ ಸನ್ನತಿ. ಅಲ್ಲಿನ ಬೌದ್ಧ ಅವಶೇಷಗಳತ್ತ 1950ರ ದಶಕದಲ್ಲಿ ಗಮನ ಸೆಳೆದವರು ಕಪಟರಾಳ ಕೃಷ್ಣರಾಯರು. 1980ರ ದಶಕದಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಕುಸಿದಾಗ, ವಿಗ್ರಹದ ಪೀಠವಾಗಿ ನೆಲೆನಿಂತಿದ್ದ ಕಲ್ಲು ಅಶೋಕನ ಶಾಸನವೆಂದು ಗೊತ್ತಾಯಿತು. ಹತ್ತಿರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಇಲಾಖೆ 1994ರಿಂದ 2001ರವರೆಗೆ ಉತ್ಖನನ ಮಾಡಿ, ಸುಣ್ಣಕಲ್ಲಿನ ಫಲಕಗಳ ದೊಡ್ಡ ಸ್ತೂಪವನ್ನೂ, ಹೆಸರು ಕೆತ್ತಿದ ಅಶೋಕನ ಶಿಲ್ಪವನ್ನೂ ಹೊರತೆಗೆಯಿತು. ಶಾತವಾಹನರ ನಾಣ್ಯಗಳೂ ಅಲ್ಲಿ ದೊರೆತವು. ಆ ಕಾಲದ ದಖನ್ನಿನ ನಾಣ್ಯಗಳಲ್ಲಿ ಬಹಳಷ್ಟು ಸೀಸದವು. ತೂಕಕ್ಕೆ ಹಾಕಿದರೆ ಕೂಲಿಯೂ ಹುಟ್ಟದು. ಆದರೆ ಸ್ತೂಪದ ಯಾವ ಹಂತದ ಪದರದಲ್ಲಿ ಯಾವ ರಾಜನ ನಾಣ್ಯ ಬಿದ್ದಿದೆ ಎಂಬುದರಿಂದ ಆ ಕಟ್ಟಡದ ವಯಸ್ಸು, ಆ ರಾಜರ ಅನುಕ್ರಮ ತಿಳಿಯುತ್ತದೆ. ಅದೇ ನಾಣ್ಯವನ್ನು ರಾತ್ರಿ ಕಿತ್ತು ಪೇಟೆಗೆ ಸಾಗಿಸಿದರೆ ಉಳಿಯುವುದು ಒಂದು ಸೀಸದ ಬಿಲ್ಲೆ.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿನದು ಬಿರುಕಿನಲ್ಲಿ ಕೆಳಗಿಳಿಯುತ್ತದೆ, ಮಳೆಗೆ ಮಣ್ಣು ಉಬ್ಬಿ ಕೆಳಗಿನದು ಮೇಲೇಳುತ್ತದೆ. ಸಾವಿರ ವರ್ಷ ಗಳೆ ಹೊಡೆದ, ಈಗ ಟ್ರ್ಯಾಕ್ಟರ್ ಹೊಡೆಯುವ ಹೊಲದಲ್ಲಿ ಯಾವ ಪದರ ಉಳಿದಿದೆ? ಹಾಳೂರ ದಿಬ್ಬದ ಬೂದುಮಣ್ಣನ್ನೇ ರೈತರು ಗೊಬ್ಬರಕ್ಕೆ ಹೇರಿದ್ದಾರಲ್ಲ? ಹಾಗಿರುವಾಗ ಹವ್ಯಾಸಿ ಕೆಡಿಸುವುದೇನು? ಉಳುವ ಪದರದ ಬಗ್ಗೆ ಈ ಮಾತಿನಲ್ಲಿ ನಿಜವಿದೆ. ಆದರೆ ವಸ್ತು ಮೇಲೆ ಕೆಳಗೆ ಸರಿದರೂ ಬಹುಮಟ್ಟಿಗೆ ಅದೇ ಹೊಲದಲ್ಲಿ ಉಳಿಯುತ್ತದೆ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸುರಪುರ ದೋಆಬಿನ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ವರ್ಷಗಟ್ಟಲೆ ಹೊಲ ಹಳ್ಳ ನಡೆದು, ನೆಲದ ಮೇಲೆ ಕಂಡ ಕಲ್ಲಿನ ಆಯುಧಗಳ ಹರವಿನಿಂದಲೇ ಆದಿಮಾನವರ ನೆಲೆಗಳನ್ನು ಗುರುತಿಸಿದರು. ಸುಮಾರು 12 ಲಕ್ಷ ವರ್ಷ ಹಳೆಯದೆಂದು ಅಂದಾಜಿಸಿದ ಈಸಂಪುರದ ಕಲ್ಲಾಯುಧಗಳ ತಾಣ ಬೆಳಕಿಗೆ ಬಂದದ್ದು ಅಂಥ ಕೆಲಸದಿಂದಲೇ. ಎಲ್ಲಿ ಎಷ್ಟು ಬಿದ್ದಿದೆ ಎಂಬುದೇ ಸಾಕ್ಷಿಯಾಗಿರುವಲ್ಲಿ, ಗುರುತಿಲ್ಲದೆ ಎತ್ತಿ ಜೇಬಿಗಿಳಿಸುವವನು ಸಾಕ್ಷಿಯನ್ನೇ ಅಳಿಸುತ್ತಾನೆ. ಮೇಲಾಗಿ ನಿಧಿಯ ಆಸೆ ಉಳುವ ಪದರಕ್ಕೆ ನಿಲ್ಲುವುದಿಲ್ಲ. ಸದ್ದು ಬಂದಲ್ಲಿ ಆಳಕ್ಕಿಳಿಯುತ್ತದೆ, ಕೆಲವೊಮ್ಮೆ ಜೆಸಿಬಿಯನ್ನೇ ತರುತ್ತದೆ.

ಎರಡನೆಯ ಆಕ್ಷೇಪ ಬ್ರಿಟನ್ನಿನದು. ಅಲ್ಲಿ ಈ ಹವ್ಯಾಸ ಕಾನೂನುಬದ್ಧ. 2009ರಲ್ಲಿ ಸ್ಟಾಫರ್ಡ್‌ಶೈರಿನ ಹೊಲದಲ್ಲಿ ಹವ್ಯಾಸಿಯೊಬ್ಬರಿಗೆ ಸಿಕ್ಕ ಆಂಗ್ಲೋ-ಸ್ಯಾಕ್ಸನ್ ಬಂಗಾರ ಆ ನಾಡಿನ ಇತಿಹಾಸವನ್ನೇ ಶ್ರೀಮಂತಗೊಳಿಸಿತು. ನಮ್ಮಲ್ಲೇಕೆ ಆಗಬಾರದು? ಆಗಬಹುದು, ಆದರೆ ಯಂತ್ರದ ಜೊತೆಗೆ ಅವರು ಕಟ್ಟಿಕೊಂಡ ಏರ್ಪಾಡೂ ಬರಬೇಕು. 1996ರ ನಿಧಿ ಕಾಯ್ದೆ, 1997ರಲ್ಲಿ ಶುರುವಾದ ದಾಖಲಾತಿ ಯೋಜನೆ, ಸಿಕ್ಕದ್ದನ್ನು ನೋಡಿ ಬರೆದುಕೊಳ್ಳುವ ಅಧಿಕಾರಿಗಳು, ಹೊಲದ ಒಡೆಯನ ಒಪ್ಪಿಗೆ, ಪರಿಹಾರ ಇವೆಲ್ಲ ಅಲ್ಲಿವೆ. ರಕ್ಷಿತ ತಾಣದಲ್ಲಿ ಅನುಮತಿಯಿಲ್ಲದೆ ಯಂತ್ರ ಹಿಡಿದರೆ ಅಲ್ಲಿಯೂ ಅಪರಾಧ. ನಮ್ಮಲ್ಲಿ ಕಾಯ್ದೆಗೇನೂ ಕೊರತೆಯಿಲ್ಲ. ಬ್ರಿಟಿಷ್ ಭಾರತದ 1878ರ ನಿಧಿ ಕಾಯ್ದೆ ಹತ್ತು ರೂಪಾಯಿ ಮೀರಿದ್ದೆಲ್ಲವನ್ನೂ ಕಲೆಕ್ಟರಿಗೆ ತಿಳಿಸಬೇಕೆಂದಿತು. ನೂರು ವರ್ಷದೊಳಗೆ ಹೂತಿಟ್ಟವರ ವಾರಸುದಾರರು ಬಂದರೆ ಅವರ ಹಕ್ಕನ್ನು ಮೊದಲು ತೀರ್ಮಾನಿಸಬೇಕೆಂದಿತು. ಯಾರೂ ಬರದಿದ್ದರೆ ಸಾಮಾನ್ಯವಾಗಿ ಸಿಕ್ಕವನಿಗೆ ಮುಕ್ಕಾಲು ಪಾಲು, ನೆಲದವನಿಗೆ ಕಾಲು ಪಾಲು ಎಂದಿತು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. 1958ರ ಕೇಂದ್ರ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರವೇ ಪುರಾತತ್ತ್ವಕ್ಕಾಗಿ ನೆಲ ಅಗೆಯಲು ಕೇಂದ್ರದ ಒಪ್ಪಿಗೆ ಬೇಕು. 1972ರ ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳ ಮಾರಾಟ, ರಫ್ತಿಗೆ ಕಡಿವಾಣ ಹಾಕಿದೆ. ಇಲ್ಲದಿರುವುದು ಒಂದೇ: ಆಳಂದದ ರೈತ ತನ್ನ ಹೊಲದಲ್ಲಿ ಸಿಕ್ಕ ಬಿಲ್ಲೆಯನ್ನು ಭಯವಿಲ್ಲದೆ ತಂದು ತೋರಿಸಬಹುದಾದ, ಅದನ್ನು ಅಕ್ಕರೆಯಿಂದ ಬರೆದುಕೊಂಡು ಚೀಟಿ ಕೊಡುವ ಒಬ್ಬ ಮನುಷ್ಯ, ತಾಲ್ಲೂಕಿನ ಮಟ್ಟದಲ್ಲಿ. ಹೇಳಿದರೆ ಪೊಲೀಸರು ಬರುತ್ತಾರೆ, ಹೊಲ ಹೋಗುತ್ತದೆ ಎಂಬ ಹೆದರಿಕೆ ಇರುವವರೆಗೆ ಸಿಕ್ಕದ್ದು ಅಕ್ಕಸಾಲಿಗರ ಮೂಸೆಗೇ ಹೋಗುತ್ತದೆ. ಈ ಲೋಪ ಸರ್ಕಾರದ್ದು, ರೈತನದ್ದಲ್ಲ.

ಯಂತ್ರವನ್ನೇ ದೂರುವುದು ನನ್ನ ಉದ್ದೇಶವಲ್ಲ. 1983ರಲ್ಲಿ ಅಮೆರಿಕದ ಲಿಟಲ್ ಬಿಗ್‌ಹಾರ್ನ್ ರಣಭೂಮಿಯ ಹುಲ್ಲು ಸುಟ್ಟುಹೋದ ಮೇಲೆ, ಪುರಾತತ್ತ್ವಜ್ಞರು ಹವ್ಯಾಸಿಗಳನ್ನೇ ಸಾಲಾಗಿ ನಿಲ್ಲಿಸಿ ಡಿಟೆಕ್ಟರ್ ಹಿಡಿಸಿದರು. ಸದ್ದು ಬಂದ ಪ್ರತಿ ಜಾಗಕ್ಕೆ ಬಾವುಟ ನೆಟ್ಟು, ಅಳತೆ ಹಿಡಿದು, ಆಮೇಲೆ ಗುಂಡು, ತೋಟಾಗಳನ್ನು ಎತ್ತಿದರು. 1876ರ ಆ ಕದನದಲ್ಲಿ ಯಾರು ಎಲ್ಲಿಂದ ಎಲ್ಲಿಗೆ ಸರಿದರೆಂಬ ನಕ್ಷೆ ಹೊರಬಂತು. ಅಂಥ ಕೆಲಸ ನಮ್ಮಲ್ಲೂ ಕಾದಿದೆ. 1565ರ ಜನವರಿ 23ರ ಯುದ್ಧ, ತಾಳಿಕೋಟೆ ಅಥವಾ ರಕ್ಕಸಗಿ-ತಂಗಡಗಿ ಯುದ್ಧವೆಂದು ಕರೆಯುವುದು, ಸರಿಯಾಗಿ ಎಲ್ಲಿ ನಡೆಯಿತೆಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಸೀಸದ ಗುಂಡು, ಕಬ್ಬಿಣದ ಬಾಣದ ಮೊನೆಗಳ ಹರವು ಅದನ್ನು ಹೇಳಬಲ್ಲದು, ಯಾರೂ ಮೊದಲೇ ಆರಿಸಿಕೊಂಡು ಹೋಗದಿದ್ದರೆ. 1400ರ ಸುಮಾರಿಗೆ ಫಿರೋಜ್ ಷಾ ಬಹಮನಿ ಭೀಮೆಯ ದಂಡೆಯಲ್ಲಿ ಕಟ್ಟಿಸಿದ ಫಿರೋಜಾಬಾದಿನ ಕೋಟೆಯೊಳಗೂ ಹೊಲಗಳಿವೆ. ಅಲ್ಲಿನ ಬೀದಿ, ಕಾರ್ಖಾನೆ, ದಂಡಿನ ಬಿಡಾರಗಳ ಜಾಗ ಹೇಳಬೇಕಾದದ್ದು ಇಂಥದೇ ಚೂರುಗಳು. ಕಲಬುರಗಿಯ ವಿಶ್ವವಿದ್ಯಾಲಯಗಳೂ ಇಲಾಖೆಯೂ ಕೂಡಿ ಅನುಮತಿ ಪಡೆದು ಸಮೀಕ್ಷೆಗೆ ಇಳಿದರೆ, ಕೈಯಾರೆ ಸುರುಳಿ ಸುತ್ತಬಲ್ಲ ನಮ್ಮ ಪಾಲಿಟೆಕ್ನಿಕ್ ಹುಡುಗರಿಗೆ ಅದಕ್ಕಿಂತ ಒಳ್ಳೆಯ ಕೆಲಸ ಸಿಗದು. ಆಗ ಮಾತ್ರ ಯಂತ್ರದಲ್ಲಿ ಕಬ್ಬಿಣದ ಸದ್ದನ್ನು ಮುಚ್ಚಬಾರದು.

ಅಲ್ಲಿಯವರೆಗೆ ಈ ಮೂರು ತಾಲ್ಲೂಕಿನ ಓದುಗರಲ್ಲಿ ಒಂದು ಕೋರಿಕೆ. ಬಾವಿ ತೋಡುವಾಗ, ಬುನಾದಿ ಅಗೆಯುವಾಗ, ಕಬ್ಬಿನ ಸಾಲು ಬಿಡಿಸುವಾಗ ಏನಾದರೂ ತಾಗಿದರೆ ಅಲ್ಲಿಗೇ ಕೆಲಸ ನಿಲ್ಲಿಸಿ. ತೊಳೆಯಬೇಡಿ, ಉಜ್ಜಬೇಡಿ, ಹಂಚಿಕೊಳ್ಳಬೇಡಿ. ಇದ್ದ ಜಾಗದಲ್ಲೇ ಫೋಟೋ ತೆಗೆದು, ಎಷ್ಟು ಆಳದಲ್ಲಿತ್ತು, ಸುತ್ತ ಮಡಕೆಯ ಚೂರು, ಎಲುಬು, ಬೂದಿ ಏನಿತ್ತು ಎಂದು ಬರೆದಿಡಿ. ತಹಶೀಲ್ದಾರರಿಗೋ ಜಿಲ್ಲಾಧಿಕಾರಿ ಕಚೇರಿಗೋ ಬರವಣಿಗೆಯಲ್ಲೇ ತಿಳಿಸಿ, ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆಯಿರಿ.