ನಿಮ್ಮ ಮೊದಲ ಅರ್ಥ ಯಾವುದು?

ತಾಳಮದ್ದಳೆಯ ಕೂಟದಲ್ಲಿ ಹೊಸಬರೊಬ್ಬರ ಪರಿಚಯವಾದರೆ ಹಿರಿಯರು ಊರು, ಮನೆ ವಿಚಾರಿಸಿದ ಮೇಲೆ ಕೇಳುವ ಪ್ರಶ್ನೆ ಒಂದಿದೆ: 'ನಿಮ್ಮ ಮೊದಲ ಅರ್ಥ ಯಾವುದು?' ಮೊದಲ ಸಲ ಯಾವ ಪಾತ್ರಕ್ಕೆ ಮಾತಾಡಿದಿರಿ ಎಂದು ಕೇಳುವ ರೀತಿ ಅದು. ಉತ್ತರಕ್ಕೆ ಯಾರೂ ತಡವರಿಸಿದ್ದನ್ನು ನಾನು ನೋಡಿಲ್ಲ. ನಲವತ್ತು ವರ್ಷ ಕರ್ಣ, ಕೌರವ, ವಾಲಿ ಎಂದು ಮಾತಾಡಿದವರೂ ಮೊದಲ ದಿನ ಸಿಕ್ಕಿದ ದೂತನನ್ನೋ ಸಖಿಯನ್ನೋ ಮರೆತಿರುವುದಿಲ್ಲ.

ಸಂಶೋಧನೆಗೆಂದು ಬೆಂಗಳೂರಿಗೆ ಬಂದ ಮೇಲೆ ಇದೇ ಪ್ರಶ್ನೆಯನ್ನು ತೀರಾ ಬೇರೆ ಕಡೆ ಕೇಳಿದೆ. ಶನಿವಾರ ಸಂಜೆ ಮೇಜಿನ ಸುತ್ತ ಕೂತು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುವ ಗೆಳೆಯರ ಗುಂಪೊಂದಿತ್ತು. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ದಾಳ ಉರುಳಿಸುತ್ತಾರೆ. ವೇಷವಿಲ್ಲ, ರಂಗಸ್ಥಳವಿಲ್ಲ, ಕೂತಲ್ಲೇ ಕಾಡು, ಕೂತಲ್ಲೇ ಯುದ್ಧ. ಅವರಲ್ಲೂ ಹೊಸಬರಿಗೆ ಮೊದಲ ಪ್ರಶ್ನೆ: 'ನಿನ್ನ ಮೊದಲ ಕ್ಯಾರೆಕ್ಟರ್ ಯಾವುದು?' ಉತ್ತರ ಅಷ್ಟೇ ಬೇಗ ಬರುತ್ತಿತ್ತು.

ಒಂದು ಇನ್ನೊಂದರಿಂದ ಹುಟ್ಟಿದ್ದೆಂದು ಹೇಳುವ ಹುಚ್ಚು ನನಗಿಲ್ಲ. ಆದರೆ ಎರಡರ ಚರಿತ್ರೆಯನ್ನೂ ಪಕ್ಕದಲ್ಲಿಟ್ಟು ನೋಡಿದರೆ, ಮೊದಲ ಪಾತ್ರ ಯಾಕೆ ನೆನಪಿನಲ್ಲಿ ಉಳಿಯುತ್ತದೆ ಎಂಬುದಕ್ಕೆ ಒಂದು ಉತ್ತರ ಸಿಗುತ್ತದೆ.

ಮೊದಲು ಮೇಜಿನ ಆಟ. ಅದರ ಹಿಂದೆ ಯುದ್ಧದ ಆಟಗಳ ಉದ್ದ ಸಾಲಿದೆ. ನಮ್ಮ ಚತುರಂಗ ಪಶ್ಚಿಮಕ್ಕೆ ಹೋಗಿ ಚೆಸ್ ಆಯಿತು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಅಧಿಕಾರಿಗಳ ತರಬೇತಿಗೆಂದು ನಕಾಶೆ, ದಾಳ ಮತ್ತು ಒಬ್ಬ ನಿರ್ಣಾಯಕನನ್ನು ಸೇರಿಸಿ 'ಕ್ರೀಗ್‌ಷ್ಪೀಲ್' ಎಂಬ ಆಟದ ನಿಯಮ ಪ್ರಕಟಿಸಿದ. ಇವೆಲ್ಲದರಲ್ಲೂ ಆಡುವವನು ಸೇನಾಪತಿ, ಕಾಯಿ ಎಂದರೆ ಪಡೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಹೊರತಂದ 'ಚೈನ್‌ಮೇಲ್' ನಿಯಮಗಳಲ್ಲಿ ಕೂಡ ದೊಡ್ಡ ಕಾಳಗಕ್ಕೆ ಒಂದು ಗೊಂಬೆ ಎಂದರೆ ಇಪ್ಪತ್ತು ಯೋಧರು. ಆದರೆ ಅದೇ ಪುಸ್ತಕದಲ್ಲಿ ಒಂದು ಗೊಂಬೆಗೆ ಒಬ್ಬನೇ ಯೋಧ ಎಂದು ಲೆಕ್ಕ ಹಿಡಿದು ಆಡುವ ಇನ್ನೊಂದು ವಿಧಾನವೂ ಇತ್ತು. ಇಪ್ಪತ್ತು ಒಂದಾದಾಗ ಆ ಒಬ್ಬನಿಗೆ ಹೆಸರು ಬೇಕಾಗುತ್ತದೆ.

ಹೆಸರು ಕೊಡುವ ಕೆಲಸ ಅದಾಗಲೇ ಮಿನೆಸೋಟದಲ್ಲಿ ಶುರುವಾಗಿತ್ತು. 1969ರಲ್ಲಿ ಡೇವಿಡ್ ವೆಸ್ಲಿ ಎಂಬವನು 'ಬ್ರೌನ್‌ಸ್ಟೈನ್' ಎಂಬ ಕಲ್ಪಿತ ಊರಿನ ಸುತ್ತ ಒಂದು ಯುದ್ಧದ ಆಟ ನಡೆಸಿದ. ಸೇನಾಪತಿಗಳು ಮಾತ್ರವಲ್ಲದೆ ಊರಿನ ಬೇರೆ ಬೇರೆ ವ್ಯಕ್ತಿಗಳ ಪಾತ್ರಗಳನ್ನೂ ಆಟಗಾರರಿಗೆ ಹಂಚಿದ. ಅವರು ಯುದ್ಧ ಶುರುವಾಗುವುದಕ್ಕೆ ಕಾಯಲಿಲ್ಲ. ಮೂಲೆಗಳಲ್ಲಿ ನಿಂತು ಒಬ್ಬರಿಗೊಬ್ಬರು ಮಾತಾಡತೊಡಗಿದರು, ಸಂಚು ಹೂಡಿದರು. ಆಟ ಕೆಟ್ಟಿತೆಂದೇ ವೆಸ್ಲಿ ತಿಳಿದ. ಆಡಿದವರು ಮಾತ್ರ ಇನ್ನೊಮ್ಮೆ ಆಡಿಸು ಎಂದು ಬೆನ್ನು ಹತ್ತಿದರು. ಅವರಲ್ಲೊಬ್ಬ ಡೇವ್ ಆರ್ನೆಸನ್. ಅವನು ತನ್ನ 'ಬ್ಲ್ಯಾಕ್‌ಮೂರ್' ಎಂಬ ಕಲ್ಪನಾಲೋಕದಲ್ಲಿ ಅದೇ ಪಾತ್ರಗಳು ಒಂದು ಕೂಟದಿಂದ ಮುಂದಿನ ಕೂಟಕ್ಕೆ ಬದುಕಿ ಬರುವಂತೆ ಮಾಡಿದ. ಗೈಗ್ಯಾಕ್ಸ್ ಮತ್ತು ಆರ್ನೆಸನ್ ಸೇರಿ ಬರೆದ ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಮೊದಲ ಮುದ್ರಣ ಬರೀ 1000 ಪ್ರತಿ.

ಆ ಮೊದಲ ನಿಯಮಗಳಲ್ಲಿ ಪಾತ್ರವನ್ನು ಆಟಗಾರ ಪೂರ್ತಿ ತಾನೇ ಆರಿಸಿಕೊಳ್ಳುವಂತಿರಲಿಲ್ಲ. ಮೂರು ದಾಳ ಉರುಳಿಸಿ ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕು, ವರ್ಚಸ್ಸು ಎಂಬ ಆರು ಗುಣಗಳಿಗೆ ಒಂದೊಂದಾಗಿ 3ರಿಂದ 18ರವರೆಗಿನ ಅಂಕ ಬರೆದುಕೊಳ್ಳಬೇಕು. ಬಂದದ್ದೇ ಬಂತು. ಹೊಸ ಮಂತ್ರವಾದಿಯ ಪ್ರಾಣವೂ ಒಂದು ದಾಳದಷ್ಟು, ಕತ್ತಿಯ ಒಂದು ಏಟೂ ಒಂದು ದಾಳದಷ್ಟು. ಮೊದಲ ಬಾಗಿಲಿನ ಆಚೆಗೇ ಅವನು ಸಾಯಬಹುದು. ಹಳೆಯ ಆಟಗಾರರು ತಮ್ಮ ಮೊದಲ ಪಾತ್ರದ ಬಗ್ಗೆ ಹೇಳುವಾಗ ನಗುತ್ತಲೇ ಹೇಳುವುದು ಇದಕ್ಕೇ: ಬುದ್ಧಿ ಕಡಿಮೆ, ಪ್ರಾಣ ಕಡಿಮೆ, ಆದರೂ ಅವನ ಪರವಾಗಿ ತಾನೇ ಮಾತಾಡಬೇಕಿತ್ತು.

ಈಗ ತಾಳಮದ್ದಳೆ. ಬಳ್ಳಾರಿ ಸೀಮೆಯ ಕುರುಗೋಡಿನ ಬಳಿಯ ಸೋಮಸಮುದ್ರದ ಶಾಸನ ಕ್ರಿ.ಶ. 1556ರದು. ತಾಳಮದ್ದಳೆಯವರಿಗೆ ಭೂಮಿ ಬಿಟ್ಟ ಸಂಗತಿ ಅದರಲ್ಲಿದೆ. ಯಕ್ಷಗಾನದ ಚರಿತ್ರೆ ಬರೆದವರು ಮತ್ತೆ ಮತ್ತೆ ಎತ್ತಿಕೊಳ್ಳುವ ಶಾಸನ ಇದು. ಭೂಮಿ ಕೊಟ್ಟದ್ದು ಕಲ್ಲಿನಲ್ಲಿದೆ, ಅಲ್ಲಿ ಆಡಿದ ಮಾತು ಎಲ್ಲೂ ಇಲ್ಲ. ಮುಂದಿನ ಶತಮಾನಗಳ ಕತೆಯೂ ಹೀಗೆಯೇ. ಪ್ರಸಂಗದ ಪದ್ಯಗಳು ಓಲೆಗರಿಯಿಂದ ಅಚ್ಚಿಗೆ ಬಂದವು. ರಾಮಾಯಣ ಪ್ರಸಂಗಗಳ ಕವಿ ಕುಂಬಳೆಯ ಪಾರ್ತಿಸುಬ್ಬನೇ ಹೌದೋ ಅಲ್ಲವೋ ಎಂದು ವಿದ್ವಾಂಸರು ದಶಕಗಟ್ಟಲೆ ಜಗಳವಾಡಿದರು. ಮುಳಿಯ ತಿಮ್ಮಪ್ಪಯ್ಯನವರು ಅವನ ಬಗ್ಗೆ ಪುಸ್ತಕವನ್ನೇ ಬರೆದರೆ ಶಿವರಾಮ ಕಾರಂತರು ಆ ವಾದವನ್ನು ಒಪ್ಪಲಿಲ್ಲ. ಪದ್ಯಕ್ಕೆ ಒಡೆಯರು ಯಾರೆಂದು ಇಷ್ಟು ಹುಡುಕಿದ ನಾವು, ಪದ್ಯದ ಬೆನ್ನಿಗೆ ಮಾತಾಡಿದವರು ಯಾರೆಂದು ಕೇಳಿದ್ದು ಕಡಿಮೆ.

ಕೂಟ ನೋಡದವರಿಗೆ ಎರಡು ಮಾತು. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ, ಚೆಂಡೆ, ಶ್ರುತಿ ಜೊತೆಗಿರುತ್ತವೆ. ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯದ ಎಳೆ ಹಿಡಿದು ಪಾತ್ರವಾಗಿ ಮಾತಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಆಗಲೇ ಕಟ್ಟಿದ್ದು. ಎದುರಿನವರು ಏನು ಕೇಳುತ್ತಾರೆಂದು ಗೊತ್ತಿರುವುದಿಲ್ಲ. ಮಾತು ದಾರಿ ತಪ್ಪಿದರೆ, ಎಳೆದರೆ, ಭಾಗವತರು ಮುಂದಿನ ಪದ್ಯ ಎತ್ತಿ ಕತೆಯನ್ನು ದಾರಿಗೆ ತರುತ್ತಾರೆ. ಬಡಗುತಿಟ್ಟಿನ ಮೇಳಗಳಲ್ಲಿ ಭಾಗವತರನ್ನೇ 'ಮೊದಲನೇ ವೇಷ' ಎನ್ನುವ ರೂಢಿಯಿದೆ; ಎಲ್ಲರಿಗಿಂತ ಮುಖ್ಯ ಪಾತ್ರ ಮಾಡುವವನೂ 'ಎರಡನೇ ವೇಷ'ವೇ. ಮೇಜಿನ ಆಟದವರು ಮೊದಲು ರೆಫರಿ ಎಂದು, ಆಮೇಲೆ ಡಂಜನ್ ಮಾಸ್ಟರ್ ಎಂದು ಕರೆದದ್ದು ಹೆಚ್ಚುಕಡಿಮೆ ಇಂಥ ಜಾಗದಲ್ಲಿ ಕೂತವನನ್ನೇ.

ಮೇಳಕ್ಕೆ ಸೇರಿದ ಹುಡುಗನಿಗೆ ಏಣಿ ಇತ್ತು: ಕೋಡಂಗಿ, ಬಾಲಗೋಪಾಲ, ಆಮೇಲೆ ಮೆಲ್ಲಗೆ ಮೇಲಿನ ವೇಷಗಳು. ತಾಳಮದ್ದಳೆಗೆ ಆ ಏಣಿ ಇಲ್ಲ. ಇಲ್ಲಿ ಕೂರುವವರು ಕೃಷಿಕರು, ಮೇಷ್ಟ್ರು, ಅಂಗಡಿಯವರು, ಪುರೋಹಿತರು. ಮೇಳಗಳು ತಿರುಗಾಟ ನಿಲ್ಲಿಸಿ ಗೆಜ್ಜೆ ಬಿಚ್ಚಿದ ಮೇಲೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಳೆ ಹಿಡಿದು ತೋಟದ ಕೆಲಸ ಅರ್ಧಕ್ಕೆ ನಿಂತ ತಿಂಗಳುಗಳಲ್ಲಿ, ಜಗಲಿಗಳಲ್ಲಿ ಕೂಟ ಸೇರುತ್ತದೆ. ಹೊಸಬರಿಗೆ ಪಾತ್ರ ಸಿಗುವುದು ಹೆಚ್ಚಾಗಿ ಯಾರೋ ಬಾರದೆ ಹೋದದ್ದರಿಂದ.

ಕೊಪ್ಪ ತಾಲೂಕಿನ ನಾರ್ವೆಯಲ್ಲಿ ನನಗೆ ಸಿಕ್ಕಿದ್ದೂ ಹಾಗೆಯೇ. ನಾನಾಗ ಒಂಬತ್ತನೇ ತರಗತಿ. ಪ್ರಸಂಗ ವಾಲಿವಧೆ. ತಾರೆಯ ಅರ್ಥ ಹೇಳಬೇಕಾದವರು, ರಸ್ತೆಗೆ ಮರ ಬಿದ್ದು, ಬರಲಾಗಲಿಲ್ಲ. ಭಾಗವತರು ಸುತ್ತ ನೋಡಿದರು. ಅಜ್ಜಯ್ಯ ನನ್ನ ಕಡೆ ಕೈ ತೋರಿಸಿದರು. 'ಕತೆ ಗೊತ್ತಲ್ಲ ನಿಂಗೆ? ಅಷ್ಟು ಸಾಕು, ಕೂತ್ಕೋ.' ಆ ಜಗಲಿಯಲ್ಲಿ ಅಲ್ಲಿಯವರೆಗೆ ತಾರೆ, ಸೀತೆ, ದ್ರೌಪದಿ ಎಲ್ಲರೂ ಗಂಡಸರ ದನಿಯಲ್ಲೇ ಮಾತಾಡಿದ್ದರು. ಅದನ್ನು ಯಾರೂ ದೊಡ್ಡ ಸಂಗತಿ ಮಾಡಲಿಲ್ಲ, ಪದ್ಯ ಶುರುವಾಗಿಬಿಟ್ಟಿತ್ತು.

ಬೆಳಿಗ್ಗೆ ಸೋತು ಓಡಿದ ಸುಗ್ರೀವ ಮತ್ತೆ ಬಂದು ಕೂಗುತ್ತಿದ್ದಾನೆ. ವಾಲಿ ಹೊರಟಿದ್ದಾನೆ. ತಾರೆ ತಡೆಯಬೇಕು. 'ಹೋಗಬೇಡಿ, ಸುಗ್ರೀವನ ಜೊತೆ ಯಾರೋ ಇದ್ದಾರೆ' ಎಂದೆ. ಅಷ್ಟಕ್ಕೆ ನನ್ನ ಮಾತು ಮುಗಿಯಿತು. ವಾಲಿಯಾಗಿ ಕೂತಿದ್ದವರು ನಿವೃತ್ತ ಮೇಷ್ಟ್ರು. ಅವರು ಬಯಸಿದ್ದರೆ ಅಲ್ಲಿಂದಲೇ ಮಾತು ಎತ್ತಿಕೊಂಡು ಅರ್ಧ ಗಂಟೆ ಮೆರೆಯಬಹುದಿತ್ತು. ಅವರು ನನಗೆ ಪ್ರಶ್ನೆ ಹಾಕಿದರು: 'ಯಾರೋ ಎಂದರೆ ಯಾರು, ತಾರೆ? ಅಂತಃಪುರದಲ್ಲಿರುವ ನಿನಗೆ ಕಾಡಿನ ಸುದ್ದಿ ತಂದವರು ಯಾರು?'

ಆ ಪ್ರಶ್ನೆಯೊಳಗೇ ಉತ್ತರದ ಬಾಗಿಲಿತ್ತು. ಅಂಗದನ ಗೂಢಚಾರರು ಸುದ್ದಿ ತಂದ ಕತೆ ನೆನಪಾಯಿತು. ಅಯೋಧ್ಯೆಯ ಇಬ್ಬರು ರಾಜಕುಮಾರರು ಬಂದಿದ್ದಾರಂತೆ ಎಂದೆ. ಬೆಳಿಗ್ಗೆ ಪೆಟ್ಟು ತಿಂದವನು ಸಂಜೆಯೊಳಗೆ ಇಷ್ಟು ಜೋರಾಗಿ ಕೂಗಬೇಕಾದರೆ ಅದು ಅವನೊಬ್ಬನ ಗಂಟಲಲ್ಲ ಎಂದೂ ಹೇಳಿದೆ. ಈ ಎರಡನೆಯ ಮಾತು ಎಲ್ಲಿಂದ ಬಂತೋ ನನಗೆ ಇಂದಿಗೂ ಗೊತ್ತಿಲ್ಲ. ವಾಲಿ ಕೇಳಿದ: 'ತಮ್ಮ ಕರೆಯುವಾಗ ಅಣ್ಣ ಒಳಗೆ ಕೂತರೆ ಕಿಷ್ಕಿಂಧೆಗೆ ರಾಜ ಯಾಕೆ?' ನಾನು ಸುಮ್ಮನಾದೆ. ಭಾಗವತರು ಮುಂದಿನ ಪದ್ಯ ಎತ್ತಿದರು.

ಆಮೇಲೆ ರಾತ್ರಿ ಬಹಳ ಹೊತ್ತಾದ ಮೇಲೆ, ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವಾಗ ಮೇಷ್ಟ್ರು ನಡುವೆ ಒಂದು ಮಾತು ಸೇರಿಸಿದರು: 'ಅದು ಸುಗ್ರೀವನೊಬ್ಬನ ಗಂಟಲಲ್ಲ ಎಂದು ಮನೆಯಲ್ಲಿ ಹೇಳಿದ್ದಳು, ರಾಮಾ. ನಾನು ಕೇಳಲಿಲ್ಲ.' ಸಾಯುವ ವಾಲಿ ತಾರೆಯ ಹಿತವಚನವನ್ನು ನೆನೆಯುವುದು ವಾಲ್ಮೀಕಿಯಲ್ಲೂ ಇದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ರಾತ್ರಿ ಗೊತ್ತಾದದ್ದು ಇಷ್ಟೇ: ನಾನು ಆಡಿದ ಮಾತು ಕತೆಯೊಳಗೆ ಹೋಗಿದೆ, ಬೇರೊಬ್ಬರು ಅದನ್ನು ಕಾಪಾಡಿ ಇಟ್ಟುಕೊಂಡಿದ್ದರು.

ಎರಡು ಆಟಗಳ ನಡುವಿನ ದೊಡ್ಡ ವ್ಯತ್ಯಾಸವೂ ಇಲ್ಲೇ ಇದೆ. ಮೇಜಿನ ಆಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ. ದಾಳ ತಿರುಗಿದರೆ ಕತೆ ತಿರುಗುತ್ತದೆ. ತಾಳಮದ್ದಳೆಯಲ್ಲಿ ಕೊನೆ ಎಲ್ಲರಿಗೂ ಗೊತ್ತು. ತಾರೆ ಏನೇ ಹೇಳಲಿ, ವಾಲಿ ಹೋಗಿಯೇ ಹೋಗುತ್ತಾನೆ. ಹೊಸಬರಿಗೆ ಇದು ಕಟ್ಟಿಹಾಕಿದಂತೆ ಕಾಣಬಹುದು. ಆದರೆ ಸೋಲುತ್ತೇನೆಂದು ಗೊತ್ತಿದ್ದೂ ತನ್ನ ಪಕ್ಷವನ್ನು ಗಟ್ಟಿಯಾಗಿ ಹೇಳಬೇಕಾದಾಗ, ಕೇಳುವವರ ಮನಸ್ಸಿನಲ್ಲಿ ಪ್ರಶ್ನೆ ಉಳಿಸುವುದೇ ಗೆಲುವು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂಥ ಪಾತ್ರಗಳಿಗೆ ಹೆಸರಾದದ್ದು ಇದರಿಂದ. ರಾಮ ಗೆಲ್ಲುವ ಕತೆಯಲ್ಲಿ ಕೂತು, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ಕೇಳುವವನಿಗೆ ಅಷ್ಟೊಂದು ಮಾತಿನ ಬಲ ಕೊಟ್ಟ ಜಗಲಿಗಳು ಮಲೆನಾಡು, ಕರಾವಳಿಯಲ್ಲಿ ಊರೂರಲ್ಲಿದ್ದವು.

ಆರಿಸಿಕೊಂಡ ಪಾತ್ರಕ್ಕಿಂತ ಪಾಲಿಗೆ ಬಂದ ಪಾತ್ರ ಯಾಕೆ ಉಳಿಯುತ್ತದೆ ಎಂಬುದು ಈಗ ಸ್ವಲ್ಪ ಸ್ಪಷ್ಟವಾಗುತ್ತದೆ. ಒಂದು ಕಡೆ ದಾಳ ಕೊಟ್ಟಿತು, ಇನ್ನೊಂದು ಕಡೆ ಬಿದ್ದ ಮರ ಕೊಟ್ಟಿತು. ಎರಡೂ ಕಡೆ, ನಾನಲ್ಲದ ಒಬ್ಬರ ನ್ಯಾಯವನ್ನು ನನ್ನ ಬಾಯಿಂದ ಹೇಳಬೇಕಾಗಿ ಬಂದ ಮೊದಲ ಗಳಿಗೆ ಅದು. ಆಮೇಲೆ ಎಷ್ಟು ಒಳ್ಳೆಯ ಪಾತ್ರ ಸಿಕ್ಕಿದರೂ ಆ ಬೆಚ್ಚುವಿಕೆ ಇನ್ನೊಮ್ಮೆ ಬರುವುದಿಲ್ಲ.

ಆದರೆ ಮೇಜಿನ ಆಟಗಾರನಿಗೆ ಒಂದು ಭಾಗ್ಯವಿದೆ. ಪಾತ್ರದ ಹೆಸರು, ಅಂಕ, ಅದರ ಗಂಟಿನಲ್ಲಿದ್ದ ಹಗ್ಗ ದೀವಟಿಗೆಗಳ ಲೆಕ್ಕ ಒಂದು ಹಾಳೆಯಲ್ಲಿರುತ್ತದೆ. ಸತ್ತ ಪಾತ್ರದ ಹಾಳೆಯನ್ನೂ ಎತ್ತಿಟ್ಟವರಿದ್ದಾರೆ. ಅಮೆರಿಕದಲ್ಲಿ ಈ ಆಟದ ಚರಿತ್ರೆ ಬರೆದವರಿಗೆ ಅಂಥ ಹಾಳೆಗಳು, ಪತ್ರಗಳು, ಕೈಬರಹದ ನಕಾಶೆಗಳು ಆಧಾರವಾದವು. ನಮ್ಮಲ್ಲಿ ಟೇಪ್‌ರೆಕಾರ್ಡರ್ ಬಂದ ಮೇಲೆ ದೊಡ್ಡ ಅರ್ಥಧಾರಿಗಳ ಮಾತು ಕ್ಯಾಸೆಟ್ಟಿಗೆ ಹತ್ತಿತು, ಈಗ ಮೊಬೈಲಿಗೂ ಬಂದಿದೆ. ಜಗಲಿಯ ಕೂಟಗಳ ಮಾತು ಮಾತ್ರ ಹಂಚಿನ ಮೇಲಿನ ಮಳೆ ನೀರಿನಂತೆ ಹರಿದುಹೋಯಿತು. ಪ್ರಸಂಗ ಪುಸ್ತಕದ ಅಂಚಿನಲ್ಲಿ ಭಾಗವತರು ರಾಗ, ತಾಳ ಗುರುತು ಮಾಡಿಕೊಂಡಿರುತ್ತಾರೆ. ಅಂದು ತಾರೆ ಯಾರು, ಏನು ಹೇಳಿದಳು ಎಂಬುದಕ್ಕೆ ಅಂಚಿನಲ್ಲಿ ಜಾಗವಿಲ್ಲ.

ಹಾಗಾಗಿ ಕೂಟದ ಹಿರಿಯರು ಕೇಳುವ ಆ ಪ್ರಶ್ನೆಯನ್ನು ನಾನು ಈಗ ಸಂಶೋಧನೆಯ ಪ್ರಶ್ನೆಯಾಗಿ ಇಟ್ಟುಕೊಂಡಿದ್ದೇನೆ. ಮೊದಲ ಅರ್ಥ ಯಾವುದು ಎಂದು ಕೇಳಿದರೆ ಪಾತ್ರದ ಹೆಸರಿನಲ್ಲಿ ಉತ್ತರ ನಿಲ್ಲುವುದಿಲ್ಲ. ಯಾರ ಮನೆಯ ಜಗಲಿ, ಯಾವ ಮಳೆ, ಬಾರದೆ ಹೋದವರು ಯಾರು, ಎದುರು ಕೂತವರು ಕೈ ಹಿಡಿದರೋ ಕೈ ಬಿಟ್ಟರೋ ಎಲ್ಲ ಬರುತ್ತದೆ. ಒಬ್ಬ ಹಿರಿಯರು ತಮ್ಮ ಮೊದಲ ಪಾತ್ರ ದೂತನೆಂದರು. ಹೇಳಬೇಕಾಗಿದ್ದದ್ದು 'ಅಪ್ಪಣೆ, ಪ್ರಭು' ಎಂಬ ಎರಡೇ ಶಬ್ದ. ಅದನ್ನು ಹೇಳಿ ತೋರಿಸುವ ಮುಂಚೆ ಅವರು ಒರಗಿದ್ದ ಗೋಡೆ ಬಿಟ್ಟು ನೆಟ್ಟಗೆ ಕೂತರು.