ಮೊಲಗಳ ಸ್ಟ್ಯಾಫಿಲೊಕಾಕಸ್ ಸೋಂಕು

ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ದುಂಡಾಕಾರದ ಬ್ಯಾಕ್ಟೀರಿಯಾದಿಂದ ಸಾಕುಮೊಲಗಳಿಗೆ ತಗಲುವ ರೋಗಗಳ ಸಮೂಹ. ತಾಯಿಮೊಲದ ಕೆಚ್ಚಲು ಬಾವು, ಚರ್ಮದಡಿಯ ಕೀವುಗಂಟು ಹಾಗೂ ತಂತಿಜಾಲರಿಯ ನೆಲದ ಮೇಲೆ ಸದಾ ಕೂರುವ ಮೊಲಗಳ ಹಿಂಗಾಲಿನ ಹುಣ್ಣು ಇದರ ಮುಖ್ಯ ರೂಪಗಳು. ಯೂರೋಪಿನ ಮೊಲಸಾಕಣೆಯಲ್ಲಿ ಹರಡಿರುವ ಎಸ್‌ಟಿ121 ತಳಿಯು ಮನುಷ್ಯರಿಂದ ಮೊಲಗಳಿಗೆ ದಾಟಿದ್ದೆಂದೂ, ಅದಕ್ಕೆ ಒಂದೇ ಜೀನಿನಲ್ಲಿನ ಅತಿಸಣ್ಣ ಬದಲಾವಣೆ ಸಾಕಾಯಿತೆಂದೂ 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಮೆಥಿಸಿಲಿನ್ ನಿರೋಧಕ ತಳಿಗಳು, ಅಂದರೆ ಪೆನಿಸಿಲಿನ್ ವರ್ಗದ ಬಹುತೇಕ ಔಷಧಗಳಿಗೆ ಬಗ್ಗದವು, ಮೊಲಗಳಲ್ಲೂ ಕಂಡುಬಂದಿವೆ. ಮೊಲದ ಕೀವು ಗಟ್ಟಿಯಾಗಿದ್ದು ಸುಲಭವಾಗಿ ಹರಿದುಹೋಗದ ಕಾರಣ ಗಂಟನ್ನು ಅದರ ಪೊರೆಯ ಸಮೇತ ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ; ಬಾಯಿಯ ಮೂಲಕ ಕೊಟ್ಟ ಆಂಪಿಸಿಲಿನ್, ಕ್ಲಿಂಡಾಮೈಸಿನ್‌ಗಳಂತೂ ಕರುಳಿನ ಸಹಜ ಜೀವಾಣುಗಳ ಸಮತೋಲ ಕೆಡಿಸಿ ಮಾರಕ ಭೇದಿ ತರಬಲ್ಲವು. ಹೀಗೆ ಔಷಧದ ಆಯ್ಕೆ ಮೊದಲೇ ಕಿರಿದಾಗಿರುವ ಈ ಪ್ರಾಣಿಗೆ ಒಣಗಿದ ಮೆತ್ತನೆಯ ಹಾಸು, ಓಡಾಡಲು ಜಾಗ ಹಾಗೂ ಗೂಡಿನ ಶುಚಿತ್ವವೇ ಹೆಚ್ಚಿನ ರಕ್ಷಣೆ.